ಎಸ್‌ಒಪಿಯಲ್ಲಿದ್ದ ಡ್ರೈಯರ್ ತೋಟದಲ್ಲಿ ಇರಲಿಲ್ಲ

ಹೊರದೇಶದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಲು ಹೊರಟಿರುವ ಶಿರಸಿ, ಸಿದ್ದಾಪುರ, ಕುಮಟಾ, ಕಾರವಾರ ಕಡೆಯ ಮಕ್ಕಳೂ ಮನೆಯವರೂ ದಯವಿಟ್ಟು ಇದನ್ನು ಪೂರ್ತಿ ಓದಿ. ಚಾಟ್‌ಜಿಪಿಟಿಯಲ್ಲಿ ಎಸ್‌ಒಪಿ (ನಾನು ಯಾರು, ಈ ಕೋರ್ಸ್ ಏಕೆ ಬೇಕು ಎಂದು ಅರ್ಜಿಯ ಜೊತೆ ಕೊಡುವ ಪ್ರಬಂಧ) ಬರೆಸಿದರೆ ಗೊತ್ತಾಗುತ್ತದೆಯೋ ಇಲ್ಲವೋ ಎಂದಷ್ಟೇ ಎಲ್ಲರೂ ಕೇಳುತ್ತಾರೆ. ಗೊತ್ತಾಗುವ ಮಾತು ಆಮೇಲಿನದು, ಹಾಳಾಗುವುದು ಅದಕ್ಕಿಂತ ಮೊದಲೇ.

ಶಿರಸಿ ತಾಲೂಕಿನ ಒಬ್ಬ ಹುಡುಗ, ಬಿಇ ಮುಗಿಸಿದವನು, ಡೇಟಾ ಸೈನ್ಸ್ ಎಂಎಸ್‌ಗೆ ಅರ್ಜಿ ಹಾಕಿದ. ಕನ್ಸಲ್ಟೆನ್ಸಿಯವರು ಕಳಿಸಿದ ಫಾರ್ಮಿನಲ್ಲಿ ತನ್ನ ಬಗ್ಗೆ ಆರೇಳು ಸಾಲು ತುಂಬಿದ. ಅದರಲ್ಲೊಂದು: ಮನೆಯಲ್ಲಿ ಅಡಕೆ ತೋಟ ಇದೆ, ಕೊಯ್ಲಿನ ಹೊತ್ತಿಗೆ ಒಣಗಿಸುವ ಕೆಲಸಕ್ಕೆ ಕೈಜೋಡಿಸುತ್ತೇನೆ. ಎರಡೇ ದಿನದಲ್ಲಿ ಸಾವಿರ ಪದದ ಎಸ್‌ಒಪಿ ಬಂತು. ಇಂಗ್ಲಿಷ್ ನುಣ್ಣಗಿತ್ತು. ಮೂರನೇ ಪ್ಯಾರಾದಲ್ಲಿ, ಈತ ಕಡಿಮೆ ಖರ್ಚಿನ ಸೋಲಾರ್ ಡ್ರೈಯರ್ ತಯಾರಿಸಿ ಊರಿನ 40 ರೈತ ಕುಟುಂಬಗಳ ನಷ್ಟ ತಪ್ಪಿಸಿದ್ದಾನೆ ಎಂದಿತ್ತು. ಹುಡುಗ ಓದಿದ, ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿತು, ಇರಲಿ ಎಂದು ಕಳಿಸಿದ. ವಿಡಿಯೊ ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ ಡ್ರೈಯರಿನದು. ಒಳಗೆ ಉಷ್ಣತೆ ಎಷ್ಟಿರುತ್ತಿತ್ತು? ತೇವಾಂಶ ಹೇಗೆ ಅಳೆದೆ? 40 ಮನೆಗಳ ಲೆಕ್ಕ ಎಲ್ಲಿದೆ? ಅವನ ಹತ್ತಿರ ಉತ್ತರ ಇರಲಿಲ್ಲ. ಸೀಟು ಸಿಗಲಿಲ್ಲ.

ಹೊಟ್ಟೆ ಉರಿಯುವ ಸಂಗತಿ ಬೇರೆಯೇ ಇದೆ. ಇದೇ ಹುಡುಗ ಮೂರು ವರ್ಷ ಸುಗ್ಗಿಯಲ್ಲಿ ರಾತ್ರಿ ಅಂಗಳದಲ್ಲಿ ಕೂತು, ಮೆಟ್ಟುಗತ್ತಿಯ ಮುಂದೆ ಯಾರು ಎಷ್ಟು ಡಬ್ಬ ಅಡಕೆ ಸುಲಿದರು ಎಂದು ಮೊಬೈಲಿನ ಎಕ್ಸೆಲ್ಲಿನಲ್ಲಿ ಬರೆದಿಟ್ಟಿದ್ದ. ಯಾವ ವಾರ ಕೊಯ್ದ ಅಡಕೆ ಗೊನೆ, ಹಸಿ ಎಷ್ಟಿತ್ತು, ಬೇಯಿಸಿ ಒಣಗಿದ ಮೇಲೆ ಎಷ್ಟಕ್ಕೆ ಇಳಿಯಿತು, ಎಲ್ಲವೂ ಅದರಲ್ಲಿದೆ. ಡೇಟಾ ಸೈನ್ಸಿಗೆ ಹೋಗುವವನಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕೇ? ಫಾರ್ಮಿನಲ್ಲಿ ಅದನ್ನು ಕೇಳಿರಲಿಲ್ಲ. ಎಸ್‌ಒಪಿ ಬರೆದ ಯಂತ್ರಕ್ಕೆ, ಅಂದರೆ ಚಾಟ್‌ಜಿಪಿಟಿಗೆ, ಅದು ಗೊತ್ತಾಗುವ ದಾರಿಯೇ ಇರಲಿಲ್ಲ.

ಹೀಗೇಕೆ ಆಗುತ್ತದೆ ಎಂದರೆ, ಈ ಯಂತ್ರ ತಾನು ಓದಿದ ಅಪಾರ ಬರಹದ ಆಧಾರದ ಮೇಲೆ ಮುಂದೆ ಯಾವ ಪದ ಬರುವ ಸಾಧ್ಯತೆ ಹೆಚ್ಚು ಎಂದು ಲೆಕ್ಕ ಹಾಕಿ ಬರೆಯುತ್ತದೆ. ತೋಟ, ಎಂಜಿನಿಯರಿಂಗ್, ಎಸ್‌ಒಪಿ ಈ ಮೂರನ್ನು ಒಟ್ಟಿಗೆ ಕೊಟ್ಟರೆ ಊರು ಉದ್ಧಾರ ಮಾಡುವ ಉಪಕರಣವೊಂದು ತಾನಾಗಿ ಹುಟ್ಟಿಕೊಳ್ಳುತ್ತದೆ. ಕಾರವಾರದ ಮಕ್ಕಳಿಗೆ ಕಡಲು, ಸೂರ್ಯಾಸ್ತ, ಅಲೆಗಳಿಂದ ಕಲಿತ ಛಲ. ಅಘನಾಶಿನಿ ದಂಡೆಯ ಹುಡುಗಿಗೂ ಅದೇ ಸೂರ್ಯಾಸ್ತ. ಗಜನಿಯಲ್ಲಿ (ಉಬ್ಬರದ ಉಪ್ಪುನೀರು ನುಗ್ಗುವ ನದಿ ದಂಡೆಯ ಗದ್ದೆ) ಕಗ್ಗ ಭತ್ತ ಉಪ್ಪುನೀರನ್ನು ಹೇಗೆ ತಾಳಿಕೊಳ್ಳುತ್ತದೆ, ಉಬ್ಬರ ಏರುವ ಮೊದಲು ಒಡ್ಡಿನ ಬಾಗಿಲಿಗೆ ಹಲಗೆ ಹಾಕದಿದ್ದರೆ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತು, ಆದರೆ ಪ್ರಬಂಧದಲ್ಲಿ ಇರುವುದಿಲ್ಲ. ಒಬ್ಬರದೇ ಕಥೆ ಹಲವರ ಅರ್ಜಿಯಲ್ಲಿ ಕಾಣಿಸಿಕೊಳ್ಳುವುದು ಹೊಸತಲ್ಲ. 2007ರಲ್ಲಿ ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಅರ್ಜಿಗಳನ್ನು ನಿರ್ವಹಿಸುವ ಸಂಸ್ಥೆ ಯುಕಾಸ್ 50,000 ಅರ್ಜಿಗಳನ್ನು ಹೋಲಿಸಿ ನೋಡಿದಾಗ, ಎಂಟನೇ ವರ್ಷದಲ್ಲಿ ರಾಸಾಯನಿಕ ಪ್ರಯೋಗ ಮಾಡಲು ಹೋಗಿ ಪೈಜಾಮ ಸುಟ್ಟುಕೊಂಡ ಕಥೆ 234 ಅರ್ಜಿಗಳಲ್ಲಿತ್ತು. ಆಗ ಅಂತರ್ಜಾಲದಿಂದ ಕದಿಯುತ್ತಿದ್ದರು. ಈಗ ಯಂತ್ರ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಅಚ್ಚಿನದು ಕೊಡುತ್ತದೆ.

'ಇದೇ ವಿಶ್ವವಿದ್ಯಾಲಯ ಏಕೆ' ಎಂಬ ಭಾಗವನ್ನು ಯಂತ್ರಕ್ಕೆ ಬಿಡಲೇಬೇಡಿ. ಇಲ್ಲದ ಲ್ಯಾಬು, ಬೇರೆ ಕಡೆ ಹೋಗಿಯಾದ ಪ್ರಾಧ್ಯಾಪಕರು, ಬರೆಯದ ಪ್ರಬಂಧದ ಶೀರ್ಷಿಕೆ, ಎಲ್ಲವನ್ನೂ ಅಷ್ಟೇ ಧೈರ್ಯದಿಂದ ಬರೆದುಕೊಡುತ್ತದೆ. ಅದನ್ನು ಓದುವವರು ಅದೇ ವಿಭಾಗದ ಅಧ್ಯಾಪಕರು. ಪ್ರತಿ ಹೆಸರನ್ನೂ ವಿಭಾಗದ ವೆಬ್‌ಸೈಟಿನಲ್ಲಿ ನೀವೇ ತೆರೆದು ನೋಡಿ.

ಇನ್ನು ಎಲ್‌ಒಆರ್, ಅಂದರೆ ಅಧ್ಯಾಪಕರು ಕೊಡುವ ಶಿಫಾರಸು ಪತ್ರ. ನಮ್ಮ ಕಡೆ ಸರ್ ಹತ್ತಿರ ಹೋದರೆ "ನೀನೇ ಬರ್ಕೊಂಡು ಬಾ ತಮ್ಮ, ಸಹಿ ಹಾಕ್ತೆ" ಅನ್ನುವುದು ಮಾಮೂಲು. ಹುಡುಗರು ಅದೇ ಚಾಟಿನಲ್ಲಿ ಎಸ್‌ಒಪಿಯ ಕೆಳಗೇ ಮೂರು ಪತ್ರ ಬರೆಸುತ್ತಾರೆ. ಆಗ ವಿದ್ಯಾರ್ಥಿಯೂ ಮೂವರು ಅಧ್ಯಾಪಕರೂ ಒಂದೇ ದನಿಯಲ್ಲಿ ಮಾತಾಡುತ್ತಾರೆ, ಅವವೇ ವಿಶೇಷಣಗಳು, ಅದೇ ವಾಕ್ಯದ ಏರಿಳಿತ. ನಾಲ್ಕೂ ಒಂದೇ ಕಡತದಲ್ಲಿ ಇರುತ್ತವೆ, ಓದುವವರಿಗೆ ಕಾಣದೆ ಇರುತ್ತದೆಯೇ? ಸರ್‌ಗೆ ನೀವು ಮಾಡಿದ ಪ್ರಾಜೆಕ್ಟು, ಎದುರಾದ ತೊಂದರೆ, ಅವರ ತರಗತಿಯಲ್ಲಿ ನಡೆದ ಒಂದು ಘಟನೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಡಿ, ಪತ್ರ ಅವರೇ ಬರೆಯಲಿ. ಇಂಗ್ಲಿಷ್ ಸಾದಾ ಇದ್ದರೆ ಚಿಂತೆಯಿಲ್ಲ. ಒಂದು ತಿಂಗಳು ಮೊದಲೇ ಕೇಳಿಕೊಳ್ಳಿ.

ನಿಯಮಗಳು ಈಗ ಸ್ಪಷ್ಟವಾಗಿವೆ. ಅಮೆರಿಕದ ಪದವಿ ಪ್ರವೇಶಕ್ಕೆ ಹಲವು ಕಾಲೇಜುಗಳಿಗೆ ಒಟ್ಟಿಗೆ ಅರ್ಜಿ ಹಾಕುವ ವ್ಯವಸ್ಥೆಯಾದ ಕಾಮನ್ ಆ್ಯಪ್, ಯಂತ್ರ ಬರೆದದ್ದನ್ನು ಸ್ವಂತದ್ದೆಂದು ಕೊಡುವುದನ್ನು 2023ರಿಂದ ವಂಚನೆಯ ಪಟ್ಟಿಗೆ ಸೇರಿಸಿದೆ. ಪ್ರವೇಶ ಸಿಕ್ಕ ಮೇಲೂ ರದ್ದಾಗಬಹುದು. ಯುಕಾಸಿನಲ್ಲಿ 2026ರ ಪ್ರವೇಶದಿಂದ ಮೂರು ಪ್ರಶ್ನೆಗಳಿವೆ, ಖಾಲಿ ಜಾಗವೂ ಸೇರಿ ಒಟ್ಟು 4000 ಅಕ್ಷರ, ಪ್ರತಿ ಉತ್ತರ ಕನಿಷ್ಠ 350. ಬರಹ ನಿಮ್ಮದೇ ಎಂದು ಅಲ್ಲಿಯೂ ಘೋಷಿಸಬೇಕು. ಅಮೆರಿಕದ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯ ವ್ಯಾಕರಣ ನೋಡಿಸಿಕೊಳ್ಳಲು ಒಪ್ಪುತ್ತದೆ, ಆದರೆ ಬೇರೆ ಭಾಷೆಯಲ್ಲಿ ಬರೆದದ್ದನ್ನು ಯಂತ್ರದಿಂದ ಅನುವಾದಿಸಿ ಕೊಡುವುದನ್ನು ತಪ್ಪೆಂದು ಹೇಳಿದೆ. ಕನ್ನಡದಲ್ಲಿ ಬರೆದು ಇಂಗ್ಲಿಷಿಗೆ ತಿರುಗಿಸಿಕೊಳ್ಳುವವರು ಇದನ್ನು ಗಮನಿಸಿ. ಒಂದೊಂದು ಕಡೆ ಒಂದೊಂದು ನಿಯಮ, ಅರ್ಜಿ ಹಾಕುವ ಪ್ರತಿ ಕಡೆಯದನ್ನೂ ಓದಿ.

ಯಂತ್ರದ ಬರಹವನ್ನು ಪತ್ತೆ ಹಚ್ಚುವ ತಂತ್ರಾಂಶವನ್ನು ನಂಬಿ ಕೂರಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ತಾನೇ 2023ರ ಜನವರಿಯಲ್ಲಿ ತಂದ ಪತ್ತೆ ಸಾಧನವನ್ನು, ನಿಖರತೆ ಸಾಲದೆಂದು ಅದೇ ಜುಲೈನಲ್ಲಿ ಹಿಂತೆಗೆದುಕೊಂಡಿತು. ಸ್ಟ್ಯಾನ್‌ಫರ್ಡಿನವರು ಅದೇ ವರ್ಷ ಏಳು ಸಾಧನಗಳನ್ನು ಪರೀಕ್ಷಿಸಿದಾಗ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಸ್ವತಃ ಬರೆದ 91 ಟೋಫೆಲ್ (ಇಂಗ್ಲಿಷ್ ಪರೀಕ್ಷೆ) ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚಿನವನ್ನು ಅವು ಯಂತ್ರದ್ದೆಂದವು. ನಮ್ಮ ಮಕ್ಕಳ ಸರಳ ಇಂಗ್ಲಿಷಿಗೆ ಇದೇ ಅಪಾಯ. ಹಾಗೆಂದು ಹೆದರಿ 'ಹ್ಯೂಮನೈಸರ್'ಗೆ (ಬರಹವನ್ನು ಮನುಷ್ಯರು ಬರೆದಂತೆ ಬದಲಿಸುತ್ತೇವೆ ಎನ್ನುವ ತಂತ್ರಾಂಶ) ಹಾಕಿದರೆ ಅದು ಸಮಾನಾರ್ಥಕ ಪದಗಳನ್ನು ತುರುಕಿ ಯಾರೂ ಆಡದ ಇಂಗ್ಲಿಷ್ ಮಾಡುತ್ತದೆ. ನಿಮ್ಮ ರಕ್ಷಣೆಗೆ ಇರುವುದು ಕರಡುಗಳು. ಮೊದಲ ದಿನದಿಂದ ಗೂಗಲ್ ಡಾಕ್ಸಿನ ಒಂದೇ ಕಡತದಲ್ಲಿ ಬರೆಯಿರಿ, ಯಾವ ದಿನ ಏನು ತಿದ್ದಿದಿರಿ ಎಂಬ ಇತಿಹಾಸ ಅಲ್ಲಿ ಉಳಿಯುತ್ತದೆ. ಕೈಬರಹದ ಹಾಳೆಗಳ ಫೋಟೊ ಇಟ್ಟುಕೊಳ್ಳಿ.

ಬರೆಯಲು ತೊಡಗುವಾಗ ಇಂಗ್ಲಿಷಿನ ಗೋಜಿಗೆ ಹೋಗಬೇಡಿ. ಆಯಿಗೋ ಅಕ್ಕನಿಗೋ ನಿಮ್ಮ ಕೆಲಸವನ್ನು ಹತ್ತು ನಿಮಿಷ ಮನೆಮಾತಿನಲ್ಲಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಕೇಳಿಸಿಕೊಂಡು ಅಂಕಿ, ಉಪಕರಣ, ಸೋತ ಜಾಗ ಇವನ್ನು ಗುರುತು ಹಾಕಿ, ಅಲ್ಲಿಂದ ಇಂಗ್ಲಿಷಿನಲ್ಲಿ ನೀವೇ ಬರೆಯಿರಿ. ಯಂತ್ರವನ್ನು ಬಳಸಲೇಬೇಕೆಂದರೆ, ನಿಯಮ ಒಪ್ಪುವ ಕಡೆ, ವಾಕ್ಯ ಕೇಳಬೇಡಿ, ಪ್ರಶ್ನೆ ಕೇಳಿಸಿಕೊಳ್ಳಿ: ಇದನ್ನು ಓದಿದವರಿಗೆ ಯಾವುದು ಅರ್ಥವಾಗುವುದಿಲ್ಲ? ಪಾಸ್‌ಪೋರ್ಟ್ ಸಂಖ್ಯೆ, ಅಂಕಪಟ್ಟಿ ಅದಕ್ಕೆ ಹಾಕಬೇಡಿ. ಕೊನೆಗೆ ಒಂದೊಂದು ವಾಕ್ಯದ ಎದುರೂ ಎಲ್ಲಿ, ಯಾವಾಗ, ಎಷ್ಟು ಎಂದು ಪೆನ್ಸಿಲಿನಲ್ಲಿ ಬರೆಯುತ್ತಾ ಹೋಗಿ. ಬರೆಯಲಾಗದ ವಾಕ್ಯವನ್ನು ಹೊಡೆದುಹಾಕಿ. ಆ ಡ್ರೈಯರ್ ಅಲ್ಲೇ ಹೋಗುತ್ತಿತ್ತು.

ಈಗಾಗಲೇ ಕನ್ಸಲ್ಟೆನ್ಸಿಗೆ ಹಣ ಕಟ್ಟಿದ್ದರೆ, ಇವತ್ತೇ ಒಂದು ಕೆಲಸ ಮಾಡಿ. ಅರ್ಜಿಯ ಇಮೇಲ್ ಮತ್ತು ಪೋರ್ಟಲ್ ಖಾತೆ ಯಾರ ಕೈಯಲ್ಲಿದೆ ನೋಡಿ. ಹಲವರು ತಾವೇ ಇಮೇಲ್ ತೆರೆದು ಪಾಸ್‌ವರ್ಡ್ ಇಟ್ಟುಕೊಳ್ಳುತ್ತಾರೆ. ಪಾಸ್‌ವರ್ಡ್ ಕೇಳಿ ಪಡೆದು ಬದಲಿಸಿ, ಮರುಪ್ರಾಪ್ತಿಗೆ ನಿಮ್ಮ ಮೊಬೈಲ್ ನಂಬರ್ ಹಾಕಿ, ಕಳಿಸಿಯಾದ ಎಸ್‌ಒಪಿ ಇಳಿಸಿಕೊಂಡು ಓದಿ. ಮಾಡದ ಕೆಲಸ ಅದರಲ್ಲಿದ್ದರೆ, ಸಂದರ್ಶನದ ದಿನದವರೆಗೆ ಕಾಯದೆ ಪ್ರವೇಶ ವಿಭಾಗಕ್ಕೆ ಬರೆದು ತಿದ್ದಿದ ಪ್ರತಿ ಕೊಡಬಹುದೇ ಎಂದು ಕೇಳಿ.