ಜೆನೆರಿಕ್ ಮಾತ್ರೆ, ಬ್ರ್ಯಾಂಡ್ ಮಾತ್ರೆ: ರಕ್ತಕ್ಕೆ ಸೇರುವುದರಲ್ಲಿ ವ್ಯತ್ಯಾಸವಿದೆಯೇ?

ಬ್ರ್ಯಾಂಡ್ ಎಂದರೆ ಮದ್ದನ್ನು ಮೊದಲು ತಂದ ಕಂಪನಿಯ ಮಾತ್ರೆ, ಜೆನೆರಿಕ್ ಎಂದರೆ ಅದೇ ಮದ್ದಿನಿಂದ ಬೇರೆ ಕಂಪನಿ ಮಾಡುವ ಮಾತ್ರೆ. ಎರಡರಲ್ಲೂ ಔಷಧಾಂಶ ಒಂದೇ, ಪ್ರಮಾಣವೂ ಒಂದೇ. ಬೇರೆಯಾಗುವುದು ಜೊತೆಗೆ ಬೆರೆಸುವ ಪಿಷ್ಟ, ಲ್ಯಾಕ್ಟೋಸ್, ಬಣ್ಣ, ಮೇಲಿನ ಲೇಪ. ಮಾತ್ರೆ ಹೊಟ್ಟೆಯಲ್ಲಿ ಎಷ್ಟು ಬೇಗ ಕರಗುತ್ತದೆ ಎಂಬುದು ಇವುಗಳನ್ನೂ ಅವಲಂಬಿಸಿದೆ.

ಅದಕ್ಕೇ ಆರೋಗ್ಯವಂತರಿಗೆ ಒಮ್ಮೆ ಇದನ್ನು, ಕೆಲ ದಿನ ಬಿಟ್ಟು ಅದನ್ನು ಕೊಟ್ಟು, ಮತ್ತೆ ಮತ್ತೆ ರಕ್ತ ತೆಗೆದು ಅಳೆಯುತ್ತಾರೆ: ಮದ್ದು ಏರಿದ ಗರಿಷ್ಠ ಮಟ್ಟ ಎಷ್ಟು, ಒಟ್ಟು ಸೇರಿದ್ದು ಎಷ್ಟು. ಬ್ರ್ಯಾಂಡನ್ನು 100 ಎಂದಿಟ್ಟುಕೊಂಡರೆ, ಜೆನೆರಿಕ್‌ನ ಅಳತೆ (ಒಬ್ಬರಿಂದ ಒಬ್ಬರಿಗೆ ಬದಲಾಗುವುದರಿಂದ ಬರುವ) ಏರುಪೇರಿನ ಅಂದಾಜೂ ಸೇರಿ 80ರಿಂದ 125ರ ಒಳಗಿರಬೇಕು. ಇದನ್ನು ‘20% ಮದ್ದು ಕಡಿಮೆ’ ಎಂದು ಓದುವವರಿದ್ದಾರೆ, ಅದು ತಪ್ಪು. ಏರುಪೇರೂ ಆ ಗಡಿಯೊಳಗೇ ಕೂರಬೇಕಾದ್ದರಿಂದ ಸರಾಸರಿ 100ರ ಹತ್ತಿರವೇ ಇರಬೇಕಾಗುತ್ತದೆ.

ಬಿಪಿ, ಆ್ಯಸಿಡಿಟಿ ಮಾತ್ರೆಗಳಲ್ಲಿ ನಾನಂತೂ ಜೆನೆರಿಕ್ಕನ್ನೇ ಆರಿಸುತ್ತೇನೆ. ಫಿಟ್ಸ್‌ನ ಫೆನಿಟಾಯಿನ್, ಥೈರಾಯ್ಡ್‌ನ ಲೆವೊಥೈರಾಕ್ಸಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಇವುಗಳ ಮಾತು ಬೇರೆ: ರಕ್ತದಲ್ಲಿ ಇವುಗಳ ಮಟ್ಟ ಸ್ವಲ್ಪ ಹೆಚ್ಚುಕಡಿಮೆಯಾದರೂ ತೊಂದರೆಯಾಗಬಹುದು. 1968ರಲ್ಲಿ ಆಸ್ಟ್ರೇಲಿಯಾದಲ್ಲಿ ಫೆನಿಟಾಯಿನ್ ಕ್ಯಾಪ್ಸೂಲ್‌ಗೆ ಕ್ಯಾಲ್ಸಿಯಂ ಸಲ್ಫೇಟ್ ಬದಲು ಲ್ಯಾಕ್ಟೋಸ್ ತುಂಬಿದಾಗ, ಅದೇ ಡೋಸ್ ನುಂಗುತ್ತಿದ್ದವರಲ್ಲಿ ಮದ್ದು ಮಿತಿಮೀರಿದ ಲಕ್ಷಣಗಳು ಕಾಣಿಸಿದವು. ಇಂಥವುಗಳಲ್ಲಿ ಜೆನೆರಿಕ್ಕೋ ಬ್ರ್ಯಾಂಡೋ, ಒಂದೇ ಕಂಪನಿಯದನ್ನು ಮುಂದುವರಿಸಿ. ಬದಲಿಸಲೇಬೇಕಾದರೆ ವೈದ್ಯರಿಗೆ ತಿಳಿಸಿ, ಅವರು ಹೇಳಿದ ಹೊತ್ತಿಗೆ ರಕ್ತಪರೀಕ್ಷೆ ಮಾಡಿಸಿ.