ವೈರ್ ಕ್ರಾಸ್ ಆಗದ ಹಾಗೆ ಸರ್ಕ್ಯೂಟ್ ಜೋಡಿಸೋ ಪಝಲ್ ಆ್ಯಪ್: ಒಂದೂವರೆ ವರ್ಷ ಆಡಿದ್ಮೇಲೆ

ಒಂದೂವರೆ ವರ್ಷದಿಂದ ಫೋನಲ್ಲಿದೆ, ಮಧ್ಯ ಎರಡು ಸಲ ಸಿಟ್ಟು ಬಂದು ತೆಗೆದುಹಾಕಿ ವಾರದೊಳಗೆ ಮತ್ತೆ ಹಾಕ್ಕೊಂಡಿದೀನಿ, ಅಲ್ಲಿಗೆ ಅರ್ಥ ಮಾಡ್ಕೊಳ್ಳಿ. ಆಟ ಇಷ್ಟೇ, ಚೌಕುಳಿ ಬೋರ್ಡ್ ಮೇಲೆ ಬಣ್ಣದ ಪಿನ್ನುಗಳಿರ್ತವೆ, ಒಂದೇ ಬಣ್ಣದ್ದನ್ನ ವೈರ್ ಎಳೆದು ಸೇರಿಸ್ಬೇಕು, ಯಾವ ವೈರೂ ಇನ್ನೊಂದನ್ನ ದಾಟಂಗಿಲ್ಲ, ಓರೆಯಾಗೂ ಹೋಗಂಗಿಲ್ಲ.

ಶುರುವಿನ ಲೆವೆಲ್‌ಗಳು ನೀರು ಕುಡಿದಷ್ಟು ಸುಲಭ. 8x8 ಬೋರ್ಡ್ ಬಂದ್ಮೇಲೆ ನಿಜವಾದ ಆಟ. ಹತ್ತಿರ ಇರೋ ಪಿನ್ನುಗಳನ್ನ ಮೊದ್ಲು ಸೇರಿಸ್ಬಿಡೋಣ ಅಂತ ಅನ್ಸತ್ತಲ್ಲ, ಅಲ್ಲೇ ಎಡವೋದು. ಒಂದು ಲೆವೆಲ್‌ನಲ್ಲಿ ಎರಡು ಕೆಂಪು ಪಿನ್ ನಡುವೆ ಬರೀ 3 ಹೆಜ್ಜೆ, ಆದ್ರೆ ನೆಟ್ಟಗೆ ಎಳೆದ್ರೆ ಬೇರೆಯವಕ್ಕೆ ದಾರಿನೇ ಇರಲ್ಲ, ಕೊನೆಗೆ ಗೋಡೆ ಪಕ್ಕದಲ್ಲೇ ಸುತ್ತಾಡಿಸಿ 23 ಹೆಜ್ಜೆಲಿ ಸೇರಿಸಿದ್ದು!

ಈಗ ನಾನು ಮೊದ್ಲು ನೋಡೋದು ಅಂಚನ್ನ. ಅಂಚಲ್ಲಿ ಸುತ್ತ ಬರ್ತಾ ಕೆಂಪು, ನೀಲಿ, ಕೆಂಪು, ನೀಲಿ ಅಂತ ಪಿನ್ ಸಿಕ್ಕಿದ್ರೆ ಒಂದೇ ಪದರದಲ್ಲಿ ಆ ಬೋರ್ಡ್ ಬಗೆಹರಿಯಲ್ಲ, ಯಾಕಂದ್ರೆ ಕೆಂಪು ವೈರ್ ಬೋರ್ಡನ್ನೇ ಎರಡು ಭಾಗ ಮಾಡತ್ತೆ, ನೀಲಿ ಆಕಡೆ ಒಂದು ಈಕಡೆ ಒಂದು ಉಳ್ಕೊಳತ್ತೆ. ಎರಡೂ ತುದಿ ಅಂಚಿಗೆ ತಾಗೋ ವೈರ್ ಎಳೆದ ತಕ್ಷಣ ಅದೂ ಒಂದು ಹೊಸ ಗೋಡೆ ಆಗತ್ತೆ, ಅಲ್ಲಿಂದ ಮತ್ತೆ ಅದೇ ಲೆಕ್ಕ. ಇಷ್ಟು ಹೊಳೆಯೋಕೆ ನಂಗೆ ನಾಲ್ಕು ತಿಂಗಳು ಬೇಕಾಯ್ತು, ನಗಬೇಡಿ.

ತೊಂದರೆಗಳೂ ಇವೆ. ಹಿಂಟ್ ಒತ್ತಿದ್ರೆ ಒಂದು ವೈರ್ ಪೂರ್ತಿ ಎಳೆದೇಬಿಡತ್ತೆ, ಯಾಕೆ ಹಾಗೆ ಅಂತ ಹೇಳಲ್ಲ. ಬ್ರೈಟ್‌ನೆಸ್ ಕಮ್ಮಿ ಇದ್ರೆ ಹಸಿರು ಯಾವ್ದು ಗಿಳಿಹಸಿರು ಯಾವ್ದು ಗೊತ್ತಾಗಲ್ಲ, ಬಣ್ಣದ ಜೊತೆ ಅಕ್ಷರ ತೋರ್ಸೋ ಆಪ್ಷನ್ ಸೆಟ್ಟಿಂಗ್ಸ್‌ನಲ್ಲಿ ಎಲ್ಲೋ ಕೆಳಗೆ ಬಚ್ಚಿಟ್ಟಿದಾರೆ. ಜಾಹೀರಾತಿನ ಬಗ್ಗೆ ಏನು ಹೇಳೋದು ಬಿಡಿ.

ಮುಂದಿನ ಲೆವೆಲ್‌ಗಳಲ್ಲಿ ವಯಾ ಕೊಡ್ತಾರೆ, ಅಂದ್ರೆ ನಿಜವಾದ ಪಿಸಿಬಿಲಿ (ಎಲೆಕ್ಟ್ರಾನಿಕ್ ಸಾಮಾನಿನೊಳಗಿನ ಸರ್ಕ್ಯೂಟ್ ಬೋರ್ಡ್) ಇರೋ ಹಾಗೆ ತೂತಿಂದ ವೈರನ್ನ ಬೋರ್ಡ್ ಹಿಂಬದಿಗೆ ಇಳಿಸ್ಬಹುದು. ವಯಾ ಬಳಸ್ದೇ ಮುಗಿಸಿದ್ರೆ ಮೂರನೇ ಸ್ಟಾರ್. ಒಂದ್ರಲ್ಲಿ ಈಕಡೆ ಮೂರು ಚಿಪ್, ಆಕಡೆ ಮೂರು, ಪ್ರತಿಯೊಂದರಿಂದ ಎದುರಿನ ಮೂರಕ್ಕೂ ವೈರ್ ಹೋಗ್ಬೇಕು. ಎರಡು ಸಂಜೆ ಕೂತೆ. ಆಮೇಲೆ ಪೇಪರ್ ತಗೊಂಡು ಲೆಕ್ಕ ಹಾಕ್ದೆ: 6 ಬಿಂದು, 9 ವೈರ್, ಆಯ್ಲರ್ ಸೂತ್ರದ ಪ್ರಕಾರ (ಬಿಂದು − ವೈರ್ + ಜಾಗ = 2, ಜಾಗ ಅಂದ್ರೆ ವೈರ್‌ಗಳು ಬೋರ್ಡನ್ನ ಕತ್ತರಿಸಿ ಮಾಡೋ ತುಂಡು) ಕ್ರಾಸ್ ಆಗ್ದೆ ಇದ್ರೆ ಹೊರಗಿಂದೂ ಸೇರಿ 5 ಜಾಗ ಆಗ್ಬೇಕು, ಒಂದೇ ಕಡೆಯ ಚಿಪ್‌ಗಳ ಮಧ್ಯ ವೈರ್ ಇಲ್ಲದ್ರಿಂದ 3 ವೈರಲ್ಲಿ ಸುತ್ತು ಮುಗಿಯಲ್ಲ, ಪ್ರತಿ ಜಾಗದ ಸುತ್ತ ಕಮ್ಮಿ ಅಂದ್ರೂ 4 ವೈರ್ ಬೇಕು, ಒಂದು ವೈರ್ ಎರಡು ಜಾಗಕ್ಕೆ ಲೆಕ್ಕಕ್ಕೆ ಬರತ್ತೆ, ಅಲ್ಲಿಗೆ 10 ವೈರಾದ್ರೂ ಇರ್ಬೇಕಿತ್ತು, ಇರೋದು 9. ಆಗೋದೇ ಇಲ್ಲ! 1930ರಲ್ಲೇ ಕುರಾಟೋವ್‌ಸ್ಕಿ ಅನ್ನೋ ಗಣಿತಜ್ಞರು ಯಾವ ಜಾಲವನ್ನ ಕ್ರಾಸ್ ಇಲ್ದೆ ಬಿಡಿಸೋಕಾಗಲ್ಲ ಅಂತ ತೋರಿಸಿಕೊಟ್ಟಾಗ ಹೆಸರಿಸಿದ ಎರಡೇ ಖಳನಾಯಕರಲ್ಲಿ ಇದೂ ಒಂದು.

5ಕ್ಕೆ 4 ಕೊಡ್ತೀನಿ. ಆ ಲೆವೆಲ್ ಬಗ್ಗೆ ಫೀಡ್‌ಬ್ಯಾಕ್ ಕಳ್ಸಿದ್ದೆ, ಧನ್ಯವಾದ ಅಂತ ಒಂದು ಮೆಸೇಜ್ ಬಂತು, ಮೂರನೇ ಸ್ಟಾರ್ ಇವತ್ತಿಗೂ ಖಾಲಿ ಇದೆ.