ಓಎಟಿ ಪ್ರೋಬ್: ಯಾವುದು ಕೊಂಡಿರಿ ಅನ್ನೋದಕ್ಕಿಂತ ಎಲ್ಲಿ ಕೂರಿಸಿದಿರಿ ಅನ್ನೋದು ಮುಖ್ಯ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಗೆಳೆಯರು ಸೇರಿ ಇಟ್ಟುಕೊಂಡಿರುವ ನಮ್ಮ ವಿಮಾನ 1970ರ ದಶಕದ ಸೆಸ್ನಾ 172. ಹೊರಗಿನ ಗಾಳಿಯ ತಾಪ, ಅಂದರೆ ಓಎಟಿ, ಅಳೆಯೋಕೆ ಅದಕ್ಕೆ ಗಾರ್ಮಿನ್‌ನ ಜಿಟಿಪಿ 59 ಪ್ರೋಬ್ ಹಾಕಿಸಿದ್ದೇವೆ. ಜಿಎಡಿ 13 ಅನ್ನೋ ಸಣ್ಣ ಡಬ್ಬಿಯ ಮೂಲಕ ಅದು ಜಿ5 ಪರದೆಗೆ ಸೇರುತ್ತೆ. ಓಎಟಿಯ ಜೊತೆಗೆ ಟ್ರೂ ಏರ್‌ಸ್ಪೀಡ್ (ಗಾಳಿಯಲ್ಲಿ ವಿಮಾನದ ನಿಜವಾದ ವೇಗ) ಕೂಡ ಅಲ್ಲೇ ಕಾಣುತ್ತೆ. ಚಳಿಗಾಲ, ಬೇಸಿಗೆ ಎರಡರಲ್ಲೂ ಬಳಸಿದ ಮೇಲೆ ಬರೆಯುತ್ತಿದ್ದೇನೆ. ಪ್ರೋಬ್ ತುಂಬಾ ಚೆನ್ನಾಗಿದೆ. ಆದರೆ ತಪ್ಪು ಜಾಗದಲ್ಲಿ ಕೂರಿಸಿದರೆ ಕೊಟ್ಟ ದುಡ್ಡು ಪೂರ್ತಿ ದಂಡ.

ಮೊದಲು ಏನಿತ್ತು ಅಂತ ಹೇಳಿಬಿಡುತ್ತೇನೆ. ಹಳೇ 172ಗಳಲ್ಲಿ ಬಲಗಡೆಯ ಗಾಳಿ ಕಿಂಡಿಯೊಳಗೆ ಒಂದು ದುಂಡು ಡಯಲ್ ಇರುತ್ತೆ, ಅದರ ಹಿಂದೆ ಒಂದು ಲೋಹದ ಕಡ್ಡಿ. ಕಡ್ಡಿಯೊಳಗೆ ಎರಡು ಲೋಹದ ಪಟ್ಟಿ ಬೆಸೆದು ಸುರುಳಿ ಮಾಡಿರುತ್ತಾರೆ. ಬಿಸಿಗೆ ಒಂದು ಲೋಹ ಜಾಸ್ತಿ ಹಿಗ್ಗುತ್ತೆ, ಸುರುಳಿ ತಿರುಗುತ್ತೆ, ಮುಳ್ಳು ಸರಿಯುತ್ತೆ. ಕರೆಂಟು ಬೇಡ, ವೈರು ಬೇಡ, ಕೆಡೋದೂ ಅಪರೂಪ. ಈ ಸರಳತನಕ್ಕೆ ನನಗೆ ಈಗಲೂ ಗೌರವ ಇದೆ. ಕಷ್ಟ ಏನಪ್ಪಾ ಅಂದರೆ ಕಡ್ಡಿಯ ಒಂದು ತುದಿ ಗಾಳಿಯಲ್ಲಿ, ಇನ್ನೊಂದು ತುದಿ ಕ್ಯಾಬಿನ್ನಿನಲ್ಲಿ. ಒಳಗೆ ಹೀಟರ್ ಹಾಕಿದರೆ ಆ ಬಿಸಿ ಲೋಹದ ಗುಂಟ ಹೊರಗೂ ಹರಿಯುತ್ತೆ. ಬಿಸಿಲು ಬಿದ್ದರೂ ಅದೇ ಕಥೆ. ಜೊತೆಗೆ ಮುಳ್ಳು ದಪ್ಪ, ಗೆರೆಗಳು ಒತ್ತೊತ್ತಾಗಿ ಇರೋದರಿಂದ ಎಡಗಡೆ ಸೀಟಿನಿಂದ ಓರೆಯಾಗಿ ನೋಡಿದರೆ ಎರಡು ಡಿಗ್ರಿ ಆಚೀಚೆ ಓದೋದು ಮಾಮೂಲು.

ಅಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂತ ಕೇಳಬಹುದು. ಟ್ರೂ ಏರ್‌ಸ್ಪೀಡ್ ವಿಷಯದಲ್ಲಾದರೆ ಬೇಡವೇ ಬೇಡ. 110 ನಾಟ್‌ನಲ್ಲಿ ಹೋಗುವಾಗ ಓಎಟಿ 5 ಡಿಗ್ರಿ ತಪ್ಪಿದರೂ ಲೆಕ್ಕ ತಪ್ಪೋದು ಸುಮಾರು 1 ನಾಟ್. ಡೆನ್ಸಿಟಿ ಆಲ್ಟಿಟ್ಯೂಡ್‌ನಲ್ಲಿ (ಗಾಳಿ ಎಷ್ಟು ತೆಳುವಾಗಿದೆ ಅಂತ ಎತ್ತರದ ಲೆಕ್ಕದಲ್ಲಿ ಹೇಳೋದು) ಹಾಗಲ್ಲ, ಅಲ್ಲಿ ಡಿಗ್ರಿಗೆ ಸುಮಾರು 120 ಅಡಿ, ಅಂದರೆ 5 ಡಿಗ್ರಿ ತಪ್ಪಿದರೆ 600 ಅಡಿ. ಸಿಯೆರಾ ಬೆಟ್ಟಗಳಲ್ಲಿರುವ ಟ್ರಕೀ ವಿಮಾನ ನಿಲ್ದಾಣ 5,900 ಅಡಿ ಎತ್ತರದಲ್ಲಿದೆ. ಬೇಸಿಗೆ ಮಧ್ಯಾಹ್ನ 30 ಡಿಗ್ರಿ ಇದ್ದರೆ ನಮ್ಮ ಎಂಜಿನ್ನಿಗೂ ರೆಕ್ಕೆಗೂ ಅದು 9,000 ಅಡಿ ದಾಟಿದ ಹಾಗೆ. ಬೆಂಗಳೂರಿನ ಜಕ್ಕೂರಿನಲ್ಲಿ ಹಾರಾಟ ಕಲಿಯುವವರಿಗೂ ಇದು ಹೊಸದಲ್ಲ: ಸುಮಾರು 3,000 ಅಡಿ ಎತ್ತರದ ಜಾಗ, ಏಪ್ರಿಲ್ ಬಿಸಿಲು 36 ಡಿಗ್ರಿ ಇದ್ದರೆ ಲೆಕ್ಕ 6,200 ಅಡಿಯ ಹತ್ತಿರ ಹೋಗುತ್ತೆ. ಆದರೆ ನೆಲದ ಮೇಲಿದ್ದಾಗ ನಿಲ್ದಾಣದ ಹವಾಮಾನ ವರದಿಯಲ್ಲೇ ಸರಿಯಾದ ತಾಪ ಸಿಗುತ್ತೆ. ಅದನ್ನೇ ನಂಬಿ. ಟಾರು ನೆಲದ ಮೇಲೆ ನಿಂತ ವಿಮಾನದ ಪ್ರೋಬ್, ಎಷ್ಟೇ ಒಳ್ಳೆಯದಾಗಿರಲಿ, ನೆಲದ ಕಾವನ್ನೂ ಸೇರಿಸಿ ಹೇಳುತ್ತೆ.

ನನಗೆ ಪ್ರೋಬ್ ನಿಜಕ್ಕೂ ಬೇಕಾದದ್ದು ಐಸಿಂಗ್‌ಗೆ. ಚಳಿಗಾಲದಲ್ಲಿ ಸಿಯೆರಾ ಬೆಟ್ಟಗಳ ಕಡೆ ಹೋಗುವಾಗ ಮೋಡದ ಅಂಚಿನಲ್ಲಿ ಹೊರಗೆ ಎಷ್ಟು ಡಿಗ್ರಿ ಅನ್ನೋದೇ ಪ್ರಶ್ನೆ. ರೆಕ್ಕೆಗೆ ಹಿಮ ಕಟ್ಟೋದು ಸಾಮಾನ್ಯವಾಗಿ +2ರಿಂದ −20 ಡಿಗ್ರಿ ನಡುವೆ, ಗಾಳಿಯಲ್ಲಿ ತೇವ ಕಣ್ಣಿಗೆ ಕಾಣುವಷ್ಟು ಇದ್ದಾಗ. ನಮ್ಮ 172ಗೆ ಹಿಮ ಕರಗಿಸುವ ಯಾವ ವ್ಯವಸ್ಥೆಯೂ ಇಲ್ಲ, ಅಂಥ ಜಾಗಕ್ಕೆ ಹೋಗೋಕೆ ಅನುಮತಿಯೂ ಇಲ್ಲ. ಡಯಲ್ +5 ಅನ್ನುತ್ತಿರುವಾಗ ಹೊರಗೆ ನಿಜಕ್ಕೂ −1 ಇದ್ದರೆ? ಆ ಆರು ಡಿಗ್ರಿಯೇ ಪ್ರಾಣದ ವಿಷಯ. ಅದಕ್ಕೇ ಎಲ್ಲರೂ ಸೇರಿ ದುಡ್ಡು ಹಾಕಿದೆವು. (ಕಾರ್ಬ್ ಐಸ್ ಬೇರೆ. ತೇವ ಜಾಸ್ತಿ ಇದ್ದರೆ 20 ಡಿಗ್ರಿಯಲ್ಲೂ ಕಾರ್ಬುರೇಟರ್ ಒಳಗೆ ಹಿಮ ಕಟ್ಟಬಹುದು, ಅದನ್ನು ಬರೀ ಓಎಟಿ ನೋಡಿ ತೀರ್ಮಾನಿಸೋಕೆ ಆಗಲ್ಲ.)

ಇನ್ನು ಕೂರಿಸಿದ ಕಥೆ. ಊರು, ಅಂಗಡಿ ಹೆಸರು ಬೇಡ. ಪ್ರೋಬನ್ನು ವಿಮಾನದ ಹೊಟ್ಟೆಯ ಕೆಳಗೆ, ಎಂಜಿನ್ ಹಿಂದಿನ ಗೋಡೆಯಿಂದ ಸ್ವಲ್ಪ ಹಿಂದಕ್ಕೆ ಹಾಕಿಕೊಟ್ಟರು. ವೈರು ಗಿಡ್ಡ ಸಾಕು, ಕೆಲಸ ಬೇಗ ಮುಗಿಯುತ್ತೆ, ನೋಡೋಕೂ ಅಚ್ಚುಕಟ್ಟು. ಆದರೆ ಎಂಜಿನ್ ತಣಿಸಿ ಹೊರಬರುವ ಬಿಸಿ ಗಾಳಿ, ಎಕ್ಸಾಸ್ಟ್ ಹೊಗೆ ಎಲ್ಲ ಹೋಗೋದೇ ಆ ದಾರಿಯಲ್ಲಿ. ಮೊದಲ ಹಾರಾಟದಲ್ಲೇ ಹಳೇ ಡಯಲ್‌ಗಿಂತಲೂ ಜಾಸ್ತಿ ತೋರಿಸಿತು! ದೂರಿದಾಗ ಪ್ರೋಬೇ ಸರಿ ಇಲ್ಲ, ಹೊಸದು ತರಿಸಿ ಅಂದರು.

ನಾನು ಒಪ್ಪಲಿಲ್ಲ. ಯಾಕಂದರೆ ಬಿಸಿ ಎಲ್ಲಿಂದ ಬರುತ್ತಿದೆ ಅಂತ ಹಾರಾಡುತ್ತಲೇ ಕಂಡುಹಿಡಿಯಬಹುದು. ನೆಮ್ಮದಿಯ ಗಾಳಿಯಲ್ಲಿ ಒಂದೇ ಎತ್ತರ ಹಿಡಿದು ಥ್ರಾಟಲ್ ಹಿಂದಕ್ಕೆ ಎಳೆಯಿರಿ, ವೇಗ ಇಳಿದು ಒಂದೇ ಸಮ ಆಗೋವರೆಗೆ ಕಾಯಿರಿ. ವೇಗ ಕಡಿಮೆಯಾದರೆ ಅಂಕಿ ಅರ್ಧ ಮುಕ್ಕಾಲು ಡಿಗ್ರಿ ಇಳಿಯೋದು ಸಹಜ. ಮೂರು ನಾಲ್ಕು ಡಿಗ್ರಿ ಇಳಿದರೆ ಅದು ಎಂಜಿನ್ ಬಿಸಿ. ಹಾಗೇ ಕ್ಯಾಬಿನ್ ಹೀಟರ್ ಹಾಕಿ, ತೆಗೆದು ನೋಡಿ. ಆಮೇಲೆ ಸೂರ್ಯ ಎಡಕ್ಕೆ ಬರುವ ಹಾಗೆ ಸ್ವಲ್ಪ ಹೊತ್ತು, ಬಲಕ್ಕೆ ಬರುವ ಹಾಗೆ ಸ್ವಲ್ಪ ಹೊತ್ತು ಹೋಗಿ. ಯಾವುದಕ್ಕೆ ಅಂಕಿ ಕದಲುತ್ತೋ ಕಳ್ಳ ಅಲ್ಲೇ ಇದ್ದಾನೆ. ನಮ್ಮಲ್ಲಿ ಥ್ರಾಟಲ್ ಎಳೆದ ತಕ್ಷಣ ಅಂಕಿ ಜಾರಿತು. ಪ್ರೋಬಿನ ತಪ್ಪೇನೂ ಇರಲಿಲ್ಲ.

ಆದರೂ ಖಾತ್ರಿ ಬೇಕಲ್ವಾ, ಹ್ಯಾಂಗರಿನಲ್ಲಿ ಹಿಮದ ಪರೀಕ್ಷೆ ಮಾಡಿದೆವು. ಇದು ಯಾರು ಬೇಕಾದರೂ ಮಾಡಬಹುದು. ಐಸನ್ನು ಚೆನ್ನಾಗಿ ಪುಡಿ ಮಾಡಿ ಫ್ಲಾಸ್ಕಿಗೆ ತುಂಬಿ, ಸಂದುಗಳು ಮುಚ್ಚುವಷ್ಟು ಮಾತ್ರ ಶುದ್ಧ ನೀರು ಹಾಕಿ ಕಲಸಬೇಕು. ನೀರು ಜಾಸ್ತಿಯಾಗಿ ಐಸ್ ಮೇಲೆ ತೇಲಿದರೆ ತಳದಲ್ಲಿ ಸೊನ್ನೆ ಇರಲ್ಲ, ಎರಡು ಮೂರು ಡಿಗ್ರಿ ಇರುತ್ತೆ. ಫ್ಲಾಸ್ಕನ್ನು ಕೆಳಗಿನಿಂದ ಎತ್ತಿ ಹಿಡಿದು ಪ್ರೋಬ್ ಪೂರ್ತಿ ಮುಳುಗಿಸಿ ಕಾಯಬೇಕು. ನಮ್ಮದು ಇಳಿಯುತ್ತಾ ಇಳಿಯುತ್ತಾ ಸೊನ್ನೆಗೆ ಬಂದು ನಿಂತಿತು, ಅಲ್ಲಾಡಲಿಲ್ಲ. ಆಮೇಲೆ ಅಂಗಡಿಯವರೂ ಮಾತಾಡಲಿಲ್ಲ.

ಈಗ ಅದು ಬಲ ರೆಕ್ಕೆಯ ಕೆಳಗಿದೆ, ರೆಕ್ಕೆಗೆ ಆಸರೆ ಕೊಡುವ ಓರೆ ಕಂಬಿಗಿಂತ ಆಚೆ. ಅಲ್ಲಿ ಒಳಗೆ ಇಣುಕಿ ನೋಡೋಕೆ ದುಂಡನೆಯ ಮುಚ್ಚಳಗಳಿರುತ್ತವೆ. ಅಂಥ ಒಂದು ಮುಚ್ಚಳದ ಜಾಗದಲ್ಲೇ ಪ್ರೋಬ್ ಕೂರಿಸಿದ ತಗಡು ಹಾಕಿದರೆ ರೆಕ್ಕೆಗೆ ಹೊಸ ತೂತು ಕೊರೆಯಬೇಕಿಲ್ಲ. ರೆಕ್ಕೆಯ ನೆರಳು ಸಿಗುತ್ತೆ, ಎಂಜಿನ್ ದೂರ, ಪ್ರೊಪೆಲ್ಲರ್ ಗಾಳಿ ದೂರ. ವೈರು ಎಳೆಯೋಕೆ ಮಾತ್ರ ಒಳ್ಳೇ ಕೆಲಸ ಹಿಡಿಯುತ್ತೆ. ಪ್ರೋಬಿನ ಬೆಲೆಗಿಂತ ಕೂಲಿಯೇ ಜಾಸ್ತಿ ಬಂತು, ಅದಕ್ಕೆ ತಯಾರಾಗಿರಿ. ಹಾಕಿಸುವ ಮುಂಚೆಯೇ ಜಾಗ ಯಾವುದು ಅಂತ ಬರೆದು ಕೊಡಿ, ದಯವಿಟ್ಟು.

ಜಾಗ ಬದಲಾದ ಮೇಲೆ ನಿಜವಾದ ಪರೀಕ್ಷೆ ಗಾಳಿಯಲ್ಲೇ ಆಯಿತು. ಓಕ್ಲೆಂಡಿನಿಂದ ಹವಾಮಾನ ಇಲಾಖೆಯ ಬಲೂನು ದಿನಕ್ಕೆ ಎರಡು ಸಲ, 00 ಮತ್ತು 12 ಜುಲು (ಅಂದರೆ ಯುಟಿಸಿ) ಹೊತ್ತಿನ ಲೆಕ್ಕಕ್ಕೆ, ಮೇಲೇರುತ್ತೆ. ಯಾವ ಎತ್ತರದಲ್ಲಿ ಎಷ್ಟು ತಾಪ ಅಂತ ಅದರ ವರದಿಯಲ್ಲಿ ಬಿಟ್ಟಿಯಾಗಿ ಸಿಗುತ್ತೆ. ಸಂಜೆಯ ಬಲೂನಿನ ಹೊತ್ತಿಗೆ ಹತ್ತಿರದಲ್ಲೇ ಹಾರಿ ಹೋಲಿಸಿದಾಗ ನಮ್ಮದು ಒಂದೆರಡು ಡಿಗ್ರಿಯೊಳಗೇ ಇತ್ತು. ಆ ವ್ಯತ್ಯಾಸಕ್ಕೂ ಒಂದು ಕಾರಣ ಇರಬಹುದು. ಗಾಳಿ ಪ್ರೋಬಿಗೆ ಬಡಿದು ನಿಲ್ಲುವಾಗ ಬಿಸಿಯಾಗುತ್ತೆ, 110 ನಾಟ್‌ನಲ್ಲಿ ಅದೇ ಸುಮಾರು ಒಂದೂವರೆ ಡಿಗ್ರಿ.

ಬೇಸಿಗೆಯ ಮಂಜು ಇನ್ನೂ ಚೆಂದದ ಪರೀಕ್ಷೆ. ಸಮುದ್ರದಿಂದ ಬಂದ ಮಂಜಿನೊಳಗೆ 13–14 ಡಿಗ್ರಿ. ಅದನ್ನು ದಾಟಿ ಮೇಲೆ ಬಂದರೆ ಬೆಚ್ಚನೆಯ ಗಾಳಿ, ಏರುತ್ತಾ ಹೋದ ಹಾಗೆ ತಾಪವೂ ಏರುತ್ತೆ. ಹೊಸ ಪ್ರೋಬ್ ಆ ಪದರ ದಾಟೋದನ್ನು ಚಕಚಕ ತೋರಿಸುತ್ತೆ. ಹಳೇ ಡಯಲ್ ಆಮೇಲೆ ನಿಧಾನಕ್ಕೆ ಹಿಂದೆ ಬರುತ್ತೆ. ಅದನ್ನು ತೆಗೆಸಿಲ್ಲ, ಕರೆಂಟು ಹೋದಾಗ ಇರಲಿ ಅಂತ ಬಿಟ್ಟಿದ್ದೇವೆ. ಒಂದು ಮಾತು ಗೊತ್ತಿರಲಿ: ಮೋಡದಿಂದ ಒಣ ಗಾಳಿಗೆ ಬಂದ ಕೂಡಲೇ ಒದ್ದೆ ಪ್ರೋಬ್ ಒಣಗೋವರೆಗೆ ಸ್ವಲ್ಪ ಕಡಿಮೆ ತೋರಿಸುತ್ತೆ. ಅದು ಕೆಟ್ಟಿದ್ದಲ್ಲ.

ಕೊಳ್ಳಬೇಕಾ? ನಿಮ್ಮಲ್ಲಿ ಜಿ5 ಆಗಲೇ ಇದ್ದು, ಮೋಡದ ಹತ್ತಿರ, ಬೆಟ್ಟದ ಕಡೆ ಹೋಗುವವರಾದರೆ ಖಂಡಿತ ಹಾಕಿಸಿ. ಬಿಸಿಲಲ್ಲಿ ಊರ ಸುತ್ತ ಮಾತ್ರ ಹಾರುವವರಿಗೆ ಹಳೇ ಕಡ್ಡಿ ಸಾಕು. ಹೊಸ 172ಎಸ್‌ಗಳಲ್ಲಿ ಡ್ಯಾವ್‌ಟ್ರಾನ್ 803 ಗಡಿಯಾರ ಇದ್ದರೆ ಅದರಲ್ಲೇ ಓಎಟಿ ಬರುತ್ತೆ. ಹೊಸದಕ್ಕೆ ದುಡ್ಡು ಹಾಕುವ ಮುಂಚೆ ಅದಕ್ಕೇ ಒಮ್ಮೆ ಐಸ್ ಫ್ಲಾಸ್ಕ್ ಹಿಡಿದು ನೋಡಿ. ಹಾಕಿಸಿದವರು ವರ್ಷದ ತಪಾಸಣೆಯಲ್ಲಿ ಕನೆಕ್ಟರ್ ಬಿಚ್ಚಿ ನೋಡೋಕೆ ಹೇಳಿ. ಇಂಥ ಪ್ರೋಬ್‌ಗಳು ಲೋಹದ ರೆಸಿಸ್ಟೆನ್ಸ್ ಅಳೆದು ತಾಪ ಹೇಳುತ್ತವೆ. 100 ಓಮ್‌ನ ಪ್ಲಾಟಿನಂ ಪ್ರೋಬಿನಲ್ಲಿ ಒಂದು ಡಿಗ್ರಿಗೆ ಬದಲಾಗೋದು 0.385 ಓಮ್ ಅಷ್ಟೇ. ಪಿನ್ನಿಗೆ ತುಕ್ಕು ಹಿಡಿದು ಒಂದು ಓಮ್ ಸೇರಿಕೊಂಡರೂ ಎರಡೂವರೆ ಡಿಗ್ರಿ ಜಾಸ್ತಿ ತೋರಿಸೋಕೆ ಅಷ್ಟು ಸಾಕು.